ಕಾರ್ಲ್ ಝೀಗ್ಲರ್ ಮತ್ತು ನಿಕ್ಕಲ್ ಲೋಹ

ಬಚ್ಚಲುಮನೆಯ ಪ್ಲಾಸ್ಟಿಕ್ ಬಕೆಟ್ಟನ್ನು ನಾವು ನಿತ್ಯವೂ ಮುಟ್ಟುತ್ತೇವೆ. ಅದರ ಹಿಂದಿರುವ ಜರ್ಮನ್ ರಸಾಯನವಿಜ್ಞಾನಿ ಕಾರ್ಲ್ ಝೀಗ್ಲರ್ ಅವರ ಹೆಸರು ಮಾತ್ರ ನಮ್ಮಲ್ಲನೇಕರಿಗೆ ಅಪರಿಚಿತ.

1898ರಲ್ಲಿ ಕಾಸೆಲ್ ನಗರದ ಸಮೀಪದ ಹೆಲ್ಸಾದಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದ ಝೀಗ್ಲರ್, 1920ರಲ್ಲಿ ಮಾರ್ಬುರ್ಗ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. 1943ರಲ್ಲಿ ಮುಲ್‌ಹೈಮ್‌ನ ಕಲ್ಲಿದ್ದಲು ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗುವ ಮೊದಲು, ಕಲ್ಲಿದ್ದಲಿಗೇ ಕಟ್ಟುಬೀಳದೆ ತಮಗೆ ಬೇಕಾದುದನ್ನು ಶೋಧಿಸುವ ಸ್ವಾತಂತ್ರ್ಯವನ್ನು ಷರತ್ತಾಗಿ ಕೇಳಿ ಪಡೆದರು. ಈ ಷರತ್ತು ಇಲ್ಲದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲವೆಂದು ನಮಗೆ ತೋರುತ್ತದೆ.

ಅಲ್ಯುಮಿನಿಯಂ ಸಂಯುಕ್ತಗಳ ನೆರವಿನಿಂದ ಎಥಿಲೀನ್ ಅಣುಗಳನ್ನು ಪೋಣಿಸಿ ಉದ್ದನೆಯ ಸರಪಳಿ ಮಾಡುವುದು ಅವರ ಪ್ರಯತ್ನವಾಗಿತ್ತು. 1953ರ ಸುಮಾರಿಗೆ ಅವರ ವಿದ್ಯಾರ್ಥಿ ಎರ್ಹಾರ್ಡ್ ಹೋಲ್ಜ್‌ಕಾಂಪ್ ನಡೆಸಿದ ಪ್ರಯೋಗದಲ್ಲಿ ಸರಪಳಿ ಬೆಳೆಯಲೇ ಇಲ್ಲ. ಎರಡೇ ಅಣುಗಳು ಕೂಡಿ ಬ್ಯುಟೀನ್ ಆಗಿ ನಿಂತಿತು. ಬೇರೆಯವರಾಗಿದ್ದರೆ ಪಾತ್ರೆ ತೊಳೆದು ಮತ್ತೆ ಆರಂಭಿಸುತ್ತಿದ್ದರೇನೋ! ಇವರು ಕಾರಣವನ್ನು ಬೆನ್ನಟ್ಟಿದರು. ಉಕ್ಕಿನ ಪಾತ್ರೆಯಲ್ಲಿ ಸೇರಿದ್ದ ಲೇಶಮಾತ್ರ ನಿಕ್ಕಲ್ ಸರಪಳಿಯನ್ನು ಕಡಿಯುತ್ತಿತ್ತು. ಹಾಗಾದರೆ ಇತರ ಲೋಹಗಳು ಏನು ಮಾಡಿಯಾವು? ಒಂದೊಂದನ್ನಾಗಿ ಪರೀಕ್ಷಿಸಲಾಯಿತು. ಝಿರ್ಕೋನಿಯಂ ಸರಪಳಿಯನ್ನು ಬೆಳೆಸಿತು, ಟೈಟೇನಿಯಂ ಅದಕ್ಕಿಂತಲೂ ಚೆನ್ನಾಗಿ. ಅದುವರೆಗೆ ಸಾವಿರಕ್ಕೂ ಹೆಚ್ಚು ವಾತಾವರಣದ ಒತ್ತಡ ಬೇಡುತ್ತಿದ್ದ ಪಾಲಿಎಥಿಲೀನ್, ಸಾಧಾರಣ ಒತ್ತಡದಲ್ಲೇ ಸಿದ್ಧವಾಯಿತು.

ಇಟಲಿಯ ಜೂಲಿಯೋ ನಟ್ಟಾ 1954ರಲ್ಲಿ ಇದೇ ವೇಗವರ್ಧಕದಿಂದ ಪಾಲಿಪ್ರೊಪಿಲೀನ್ ಮಾಡಿದಾಗ ಇಬ್ಬರ ಸ್ನೇಹ ಕೆಟ್ಟಿತು. ಆದರೂ 1963ರ ನೊಬೆಲ್ ಪ್ರಶಸ್ತಿಯನ್ನು ಇಬ್ಬರೂ ಹಂಚಿಕೊಂಡರು. ಝೀಗ್ಲರ್ 1973ರಲ್ಲಿ ಮುಲ್‌ಹೈಮ್‌ನಲ್ಲಿಯೇ ನಿಧನರಾದರು.

ಅವರ ಟೈಟೇನಿಯಂಗೆ ಒಂದು ದೌರ್ಬಲ್ಯವಿತ್ತು. ಪಾಲಿಎಥಿಲೀನ್‌ಗೆ ಬಣ್ಣವಾಗಲಿ ಅಂಟಾಗಲಿ ಸುಲಭವಾಗಿ ಹಿಡಿಯದು. ಹಿಡಿಯಬೇಕಾದರೆ ಸರಪಳಿಯಲ್ಲಿ ಅಲ್ಲಲ್ಲಿ ಆಕ್ಸಿಜನ್ ಉಳ್ಳ ಆಕ್ರಿಲೇಟ್‌ನಂತಹ ಧ್ರುವೀಯ ಅಣುಗಳನ್ನು ಪೋಣಿಸಬೇಕು. ಟೈಟೇನಿಯಂ ಆ ಆಕ್ಸಿಜನ್ನಿಗೆ ಅಂಟಿಕೊಂಡು ನಿಷ್ಕ್ರಿಯವಾಗುತ್ತದೆ. ನಿಕ್ಕಲ್‌ಗೆ ಆಕ್ಸಿಜನ್ನಿನ ಮೋಹ ಅಷ್ಟಿಲ್ಲ. ಆದ್ದರಿಂದ ಅಂದು ಕೆಲಸ ಕೆಡಿಸಿದ್ದ ಲೋಹವೇ ಮತ್ತೆ ಪ್ರಯೋಗಶಾಲೆಗೆ ಬಂದಿತು. 1995ರಲ್ಲಿ ಅಮೆರಿಕದ ಮಾರಿಸ್ ಬ್ರೂಕ್‌ಹಾರ್ಟ್ ಅವರ ತಂಡ ನಿಕ್ಕಲ್ ಸುತ್ತ ದೊಡ್ಡ ಗಾತ್ರದ ಅಣುಗುಂಪುಗಳನ್ನು ಬೇಲಿಯಂತೆ ನಿಲ್ಲಿಸಿ, ಸರಪಳಿ ಕಡಿಯುವ ಅದರ ಗುಣಕ್ಕೆ ಕಡಿವಾಣ ಹಾಕಿತು. 2000ದಲ್ಲಿ ರಾಬರ್ಟ್ ಗ್ರಬ್ಸ್ ಅವರ ತಂಡ ಧ್ರುವೀಯ ಪದಾರ್ಥಗಳ ನಡುವೆಯೂ ದುಡಿಯಬಲ್ಲ ನಿಕ್ಕಲ್ ವೇಗವರ್ಧಕವನ್ನು ಪ್ರಕಟಿಸಿತು. ಆದರೆ ಆಕ್ರಿಲೇಟ್ ಸರಪಳಿಗೆ ಸೇರಿದ ಮೇಲೆ ಅದರ ಆಕ್ಸಿಜನ್ ಹಿಂದಿರುಗಿ ನಿಕ್ಕಲ್‌ನ್ನು ಹಿಡಿದುಕೊಂಡು ವೇಗವನ್ನು ತಗ್ಗಿಸುತ್ತದೆ. ಈ ಹಿಡಿತವನ್ನು ಸಡಿಲಿಸುವ ಬೇಲಿಯ ಶೋಧದಲ್ಲಿ ರಸಾಯನವಿಜ್ಞಾನಿಗಳು ಇನ್ನೂ ತೊಡಗಿದ್ದಾರೆ.