ನಕ್ಷೆ ಬರೆದು ಕಾಲರಾ ನಿಲ್ಲಿಸಿದ ವೈದ್ಯ: ಈ ಕಥೆಯಲ್ಲಿ ನಿಜವೆಷ್ಟು?

ಲಂಡನ್ನಿನ ವೈದ್ಯ ಜಾನ್ ಸ್ನೋ ಒಂದು ನಕ್ಷೆ ಬರೆದರು, ಕೈಪಂಪಿನ ಹಿಡಿ ಕೀಳಿಸಿದರು, ಕಾಲರಾ ನಿಂತೇಹೋಯಿತು. ಹೀಗೊಂದು ಕಥೆ ನೀವೂ ಓದಿರಬಹುದು. ವ್ಯಕ್ತಿ ನಿಜ, ನಕ್ಷೆಯೂ ನಿಜ. ಆದರೆ ನಡೆದದ್ದು ಈ ಕ್ರಮದಲ್ಲಲ್ಲ.

1813ರಲ್ಲಿ ಯಾರ್ಕ್ ಪಟ್ಟಣದ ಕೂಲಿಕಾರರ ಮನೆಯಲ್ಲಿ ಹುಟ್ಟಿದ ಸ್ನೋ, ವಿಕ್ಟೋರಿಯಾ ರಾಣಿಯ ಹೆರಿಗೆಗೆ ಕ್ಲೋರೋಫಾರ್ಮ್ ಕೊಟ್ಟ ಅರಿವಳಿಕೆ ತಜ್ಞ. ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆಂದು ದೊಡ್ಡ ವೈದ್ಯರೇ ನಂಬಿದ್ದ ಕಾಲವದು. ಕಾರಣ ನೀರು ಎಂದು ಸ್ನೋ 1849ರಲ್ಲೇ ಬರೆದಿದ್ದರು. ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ.

1854ರ ಆಗಸ್ಟ್ ಕೊನೆಯಲ್ಲಿ ಸೋಹೋ ಬಡಾವಣೆಯಲ್ಲಿ ರೋಗ ಹಬ್ಬಿತು. ಹತ್ತೇ ದಿನದಲ್ಲಿ ಸುಮಾರು 500 ಸಾವು. ಸತ್ತವರು ಎಲ್ಲಿಯ ನೀರು ಕುಡಿಯುತ್ತಿದ್ದರೆಂದು ಸ್ನೋ ಮನೆಮನೆಗೆ ಹೋಗಿ ವಿಚಾರಿಸಿದರು. ಬಹುತೇಕರದು ಬ್ರಾಡ್ ಸ್ಟ್ರೀಟ್ ಪಂಪಿನ ನೀರು. ಸೆಪ್ಟೆಂಬರ್ 8ರಂದು ಅದರ ಹಿಡಿ ತೆಗೆಸಲಾಯಿತು. ಅಷ್ಟರಲ್ಲಾಗಲೇ ಜನ ಮನೆ ಬಿಟ್ಟು ಓಡಿದ್ದರು, ಸಾವುಗಳೂ ಇಳಿಯುತ್ತಿದ್ದವು.

ನಕ್ಷೆ ಬಂದದ್ದು ಆಮೇಲೆ. ಪ್ರತಿ ಸಾವಿಗೂ ಒಂದು ಕಪ್ಪು ಗೆರೆ. ಪಂಪಿನ ಸುತ್ತ ಗೆರೆಗಳು ಒತ್ತೊತ್ತಾಗಿವೆ. ಆದರೆ ಹೆಚ್ಚು ಹೇಳುವುದು ಗೆರೆಯಿಲ್ಲದ ಜಾಗ. ಪಂಪಿನ ಹತ್ತಿರದ ಬಿಯರ್ ಕಾರ್ಖಾನೆಯ ಕೆಲಸಗಾರರಲ್ಲಿ ಯಾರೂ ಸಾಯಲಿಲ್ಲ. ಅವರಿಗೆ ಕುಡಿಯಲು ಬಿಯರ್ ಇತ್ತು, ಕಾರ್ಖಾನೆಗೆ ಸ್ವಂತ ಬಾವಿಯಿತ್ತು. (ಬಿಯರ್ ಕಾಲರಾಗೆ ಮದ್ದು ಎಂದು ಫಾರ್ವರ್ಡ್ ಮಾಡಬೇಡಿ!) ಉಸಿರಾಡಿದ್ದು ಮಾತ್ರ ಅದೇ ಗಾಳಿ. ಇತ್ತ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಒಬ್ಬ ವಿಧವೆ, ಈ ಪಂಪಿನ ನೀರೇ ರುಚಿಯೆಂದು ತರಿಸಿ ಕುಡಿದು ಸತ್ತರು.

ಇಷ್ಟಾದರೂ ಆರೋಗ್ಯ ಅಧಿಕಾರಿಗಳು ಗಾಳಿಯ ವಾದ ಬಿಡಲಿಲ್ಲ. 1858ರಲ್ಲಿ ಸ್ನೋ ಪಾರ್ಶ್ವವಾಯುವಿನಿಂದ ತೀರಿಕೊಂಡರು. ಆಗ ಅವರಿಗೆ 45 ವರ್ಷ. ಕಾಲರಾ ರೋಗಾಣುವನ್ನು ರಾಬರ್ಟ್ ಕಾಕ್ ಗುರುತಿಸಿ ಜಗತ್ತಿಗೆ ತೋರಿಸುವ ಹೊತ್ತಿಗೆ 1884 ಬಂದಿತ್ತು.