ಬಾವುಟಗುಡ್ಡೆಯ ಪರದೇಶಿ ಚಿತ್ರಗಾರ

ಮಗನನ್ನೋ ಅಳಿಯನನ್ನೋ ಗಲ್ಫಿಗೆ ಕಳುಹಿಸದ ಮನೆ ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಅಪರೂಪ. ಮನೆ ಆಶೀರ್ವಾದಕ್ಕೆ ಹೋದಾಗ ರಜೆಯಲ್ಲಿ ಬಂದವರು ಮಾತಿಗೆ ಸಿಗುತ್ತಾರೆ. ಹತ್ತು ಹದಿನೈದು ವರ್ಷ ಅಲ್ಲಿ ದುಡಿದಿದ್ದರೂ ಆ ಊರಿನ ಬಗ್ಗೆ ಹೇಳಲು ಅನೇಕರಿಗೆ ಹೆಚ್ಚೇನೂ ಇರುವುದಿಲ್ಲ. ಸಂಬಳ, ಸೆಕೆ, ಮುಂದಿನ ರಜೆ, ಅಷ್ಟೆ. ಬದುಕುವುದೇನಿದ್ದರೂ ಊರಿಗೆ ಮರಳಿದ ಮೇಲೆ ಎಂಬ ಲೆಕ್ಕ. ನಾನು ಅವರನ್ನು ದೂರುವುದಿಲ್ಲ. ಪರದೇಶಿ ಎಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಅನ್ಯದೇಶದವನು ಎಂಬ ಅರ್ಥವೂ ಇದೆ, ದಿಕ್ಕಿಲ್ಲದವನು ಎಂಬ ಅರ್ಥವೂ ಇದೆ. ಆದರೆ ಅಂಥವರೊಡನೆ ಕುಳಿತಾಗಲೆಲ್ಲ ನನಗೆ ಇನ್ನೊಬ್ಬ ಪರದೇಶಿಯ ನೆನಪಾಗುತ್ತದೆ. ಅವರು ಅದೇ ಸಮುದ್ರ ದಾಟಿ, ಎದುರು ದಿಕ್ಕಿನಿಂದ, ನಮ್ಮಲ್ಲಿಗೆ ಕೆಲಸಕ್ಕೆ ಬಂದವರು: ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿಗೆ ಬಣ್ಣ ತುಂಬಿದ ಬ್ರದರ್ ಆಂಟೋನಿಯೊ ಮೊಸ್ಕೇನಿ.

ಇಟಲಿಯ ಲೊಂಬಾರ್ದಿ ಪ್ರದೇಶದಲ್ಲಿ ಬೆರ್ಗಾಮೊ ನಗರದ ಹತ್ತಿರ ಸ್ತೆಜ್ಜಾನೊ ಎಂಬ ಊರಿದೆ. ಅವರು ಅಲ್ಲಿ 1854ರ ಜನವರಿ 17ರಂದು ಹುಟ್ಟಿದರು. ಬೆರ್ಗಾಮೊದ ಹೆಸರಾಂತ ಕರಾರಾ ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತರು. ರೋಮಿಗೆ ಹೋಗಿ ಹಿರಿಯ ಕಲಾವಿದರ ಭಿತ್ತಿಚಿತ್ರಗಳನ್ನು ಅಭ್ಯಾಸ ಮಾಡಿದರು. ಹೆಸರು ಬಂತು, ಕೆಲಸಗಳೂ ಬಂದವು. ಹೀಗಿರುವಾಗ 1889ರಲ್ಲಿ, ತಮ್ಮ 35ನೆಯ ವಯಸ್ಸಿನಲ್ಲಿ, ಎಲ್ಲವನ್ನೂ ಬಿಟ್ಟು ಯೇಸುಸಭೆ ಸೇರಿದರು. ಸೇರಿದ್ದು ಗುರುವಾಗಲು ಅಲ್ಲ, ಬ್ರದರ್ ಆಗಿ. ಆ ಕಾಲದಲ್ಲಿ ಬ್ರದರುಗಳ ಪಾಲಿಗೆ ಬರುತ್ತಿದ್ದುದು ಹೆಚ್ಚಾಗಿ ಅಡುಗೆಮನೆ, ತೋಟ, ಹೊಲಿಗೆ, ಬಾಗಿಲು ಕಾಯುವುದು. ವಿಧೇಯತೆಯ ವ್ರತ ಕೈಗೊಂಡವನಿಗೆ ಕುಂಚ ಮತ್ತೆ ಕೈಗೆ ಬರುತ್ತದೋ ಇಲ್ಲವೋ ಎಂಬುದು ತನ್ನ ತೀರ್ಮಾನವಲ್ಲ.

ಅದು ಮತ್ತೆ ಬಂತು. ಅವರ ಮೇಲಧಿಕಾರಿಗಳು ಅವರನ್ನು ಚಿತ್ರ ಬರೆಯಲೆಂದೇ ಬೇರೆ ಬೇರೆ ಕಡೆಗಳಿಗೆ ಕಳುಹಿಸಿದರು. ದೇವರ ಕೃಪೆ ಮನುಷ್ಯನ ಸ್ವಭಾವವನ್ನು ಅಳಿಸುವುದಿಲ್ಲ, ಅದನ್ನು ಪೂರ್ಣಗೊಳಿಸುತ್ತದೆ ಎಂದು ಸಂತ ಥಾಮಸ್ ಅಕ್ವಿನಾಸರು ಕಲಿಸಿದ್ದಾರೆ. ಸೆಮಿನರಿಯಲ್ಲಿ ನಾವು ಅದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಈ ಬ್ರದರಿನ ಜೀವನವನ್ನು ಓದಿದ ಮೇಲೆ ಅದು ನನಗೆ ಸ್ವಲ್ಪ ಅರ್ಥವಾಯಿತು.

ಇಟಲಿಯ ಯೇಸುಸಭೆಯವರು 1878ರ ಡಿಸೆಂಬರ್ 31ರಂದೇ ಮಂಗಳೂರಿಗೆ ಬಂದಿದ್ದರು. 1880ರಲ್ಲಿ ಕಾಲೇಜು ತೆರೆದು, ಆಮೇಲೆ ಬಾವುಟಗುಡ್ಡೆಯ ಮೇಲೆ ಕಾಲೇಜನ್ನೂ ಚಾಪೆಲನ್ನೂ ಕಟ್ಟಿಸಿದ್ದರು. ಆದರೆ ಚಾಪೆಲಿನ ಗೋಡೆಗಳು ಬರಿದಾಗಿದ್ದವು. ಅವುಗಳಿಗಾಗಿ ಮೊಸ್ಕೇನಿಯವರನ್ನು ಕರೆಸಲಾಯಿತು. 1899ರಲ್ಲಿ ಅವರು ಕೆಲಸ ಹಿಡಿದಾಗ ಮಂಗಳೂರು ಸುಮಾರು 44 ಸಾವಿರ ಜನರ ಊರು. ರೈಲು ಇನ್ನೂ ಬಂದಿರಲಿಲ್ಲ, ಅದು ಬಂದದ್ದು 1907ರಲ್ಲಿ. ಮನೆಯೊಳಗೆ ಮಾತಾಡಲು ಇಟಲಿಯ ಗುರುಗಳಿದ್ದರು ನಿಜ. ಗೇಟು ದಾಟಿದರೆ ಕೊಂಕಣಿ, ತುಳು, ಕನ್ನಡ. ವಯಸ್ಸು ಆಗಲೇ 45. ಆ ವಯಸ್ಸಿನಲ್ಲಿ ಹೊಸ ಊರು, ಹೊಸ ಊಟ, ಹೊಸ ಹವೆಗೆ ಹೊಂದಿಕೊಳ್ಳುವುದು ಎಷ್ಟು ಕಷ್ಟವೆಂದು ವರ್ಗವಾದ ಯಾವ ಪಾದ್ರಿಯನ್ನು ಕೇಳಿದರೂ ಹೇಳುತ್ತಾರೆ!

ಎಲ್ಲಕ್ಕಿಂತ ದೊಡ್ಡ ಕಷ್ಟ ಹವೆಯದೇ. ಭಿತ್ತಿಚಿತ್ರ ಬರೆಯುವ ಕ್ರಮ ಹೀಗೆ: ಗೋಡೆಗೆ ಸುಣ್ಣದ ಗಾರೆ ಬಳಿದು, ಅದು ಹಸಿಯಿರುವಾಗಲೇ ನೀರಿನಲ್ಲಿ ಕದಡಿದ ಬಣ್ಣ ಹಚ್ಚಬೇಕು. ಗಾರೆ ಗಾಳಿಗೆ ಗಟ್ಟಿಯಾಗುತ್ತಾ ಕಲ್ಲಿನಂತಾಗುವಾಗ ಬಣ್ಣವನ್ನೂ ತನ್ನೊಳಗೆ ಹಿಡಿದುಕೊಳ್ಳುತ್ತದೆ. ಆದ್ದರಿಂದ ಒಂದು ದಿನದಲ್ಲಿ ಎಷ್ಟು ಬರೆಯಲು ಸಾಧ್ಯವೋ ಅಷ್ಟಕ್ಕೇ ಗಾರೆ ಬಳಿಯುತ್ತಾರೆ. ತಪ್ಪಿದರೆ ಒರೆಸಿ ತಿದ್ದುವಂತಿಲ್ಲ, ಕೆತ್ತಿ ತೆಗೆದು ಹೊಸದಾಗಿ ಬಳಿಯಬೇಕು. ಎಲ್ಲವೂ ಗಾರೆ ಒಣಗುವ ಸಮಯದ ಲೆಕ್ಕದ ಮೇಲೆ ನಿಂತ ಕೆಲಸ. ಜೂನ್ ಬಂತೆಂದರೆ ಗೋಡೆಯೇ ಬೆವರುವ ನಮ್ಮ ಊರಿನಲ್ಲಿ ಇಟಲಿಯಲ್ಲಿ ಕಲಿತ ಲೆಕ್ಕ ಎಷ್ಟು ಉಪಯೋಗಕ್ಕೆ ಬಂದೀತು? ಬರೆಯುತ್ತಲೇ ನಮ್ಮ ಮಳೆಯನ್ನು, ನಮ್ಮ ಸೆಕೆಯನ್ನು ಕಲಿಯಬೇಕಾಗಿತ್ತು. ಗೋಡೆಯ ಮೇಲೆ ಈ ಭಿತ್ತಿಚಿತ್ರಗಳು, ಮಾಳಿಗೆಗೆ ಕ್ಯಾನ್‌ವಾಸಿನ ಮೇಲೆ ತೈಲಚಿತ್ರಗಳು. ಸುಮಾರು ಎರಡೂವರೆ ವರ್ಷ, ಎಂದರೆ ಕಡಿಮೆಯೆಂದರೂ ಎರಡು ಮಳೆಗಾಲ, ಅಟ್ಟಣಿಗೆಯ ಮೇಲೆ ಕಳೆದು 1901ರಲ್ಲಿ ಮುಗಿಸಿದರು.

ಮಾಳಿಗೆಯ ನಡುವೆ ಇರುವುದು ಸಂತ ಅಲೋಶಿಯಸ್ ಗೊನ್ಸಾಗರ ಜೀವನ. ಈ ಸಂತರೂ ಲೊಂಬಾರ್ದಿಯವರೇ, ಕಸ್ತಿಲಿಯೋನೆ ಎಂಬ ಊರಿನವರು. ಹಾಗಾಗಿ ಬಾವುಟಗುಡ್ಡೆಯ ಮೇಲೆ ನಿಂತು ಮೊಸ್ಕೇನಿಯವರು ಬರೆದದ್ದು ತಮ್ಮದೇ ಸೀಮೆಯ ಹುಡುಗನ ಕಥೆ. ಸಂತರು 1591ರಲ್ಲಿ, 23ನೆಯ ವಯಸ್ಸಿನಲ್ಲಿ, ರೋಮಿನಲ್ಲಿ ಪಿಡುಗಿಗೆ ತುತ್ತಾದವರ ಶುಶ್ರೂಷೆ ಮಾಡಿ ತೀರಿಕೊಂಡರು. ಅಲ್ಲಿ ಆ ಸೇವೆಯ ಚಿತ್ರವೂ ಇದೆ. ಇಂದು ಅದನ್ನು ಹಳೆಯ ಕಾಲದ ಸಂಗತಿಯೆಂದು ನೋಡಿ ಮುಂದೆ ಹೋಗುತ್ತೇವೆ. ಅದನ್ನು ಬರೆದ ದಿನಗಳಲ್ಲಿ ಹಾಗಿರಲಿಲ್ಲ. 1896ರಲ್ಲಿ ಪ್ಲೇಗು ಮುಂಬಯಿಗೆ ಬಂದಾಗಿತ್ತು. 1902ರಲ್ಲಿ ಮಂಗಳೂರಿಗೂ ಬಂತು, ಕಂಕನಾಡಿಯ ಮುಲ್ಲರ್ ಸ್ವಾಮಿಯವರು ಪ್ಲೇಗು ರೋಗಿಗಳಿಗಾಗಿ ಆಸ್ಪತ್ರೆ ತೆರೆದರು. ಬಲಿಪೂಜೆಗೆ ಬಂದು ಮೇಲೆ ನೋಡಿದವರಿಗೆ ಅದು ಪಕ್ಕದ ಬೀದಿಯ ಕಥೆಯಾಗಿತ್ತು.

ನಮ್ಮ ಧರ್ಮಕೇಂದ್ರದ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮೇಲೆ ನೋಡಿ ನೋಡಿ ಎಲ್ಲರ ಕತ್ತು ನೋವಾಯಿತು. ಬರೆದವರು ಯಾರೆಂದು ಹೊರಗೆ ಬಂದು ಕೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ. ತಪ್ಪು ನನ್ನದೇ, ಹೋಗುವ ಮೊದಲು ಹೇಳಬೇಕಾಗಿತ್ತು.

ಚಾಪೆಲಿನ ಕೆಲಸವಾದ ಮೇಲೆ ಅವರು ಇಟಲಿಗೆ ಮರಳಲಿಲ್ಲ. ಜೆಪ್ಪು ಸೆಮಿನರಿಯ ಚಾಪೆಲ್, ಮುಂಬಯಿಯ ಪವಿತ್ರ ನಾಮ ಕಥೀಡ್ರಲ್, ಹೀಗೆ ಕೆಲಸದಿಂದ ಕೆಲಸಕ್ಕೆ ಹೋದರು. ಕೊನೆಯದು ಕೊಚ್ಚಿಯ ಸಾಂತಾಕ್ರೂಸ್ ಕಥೀಡ್ರಲ್. ಅಲ್ಲಿ ಅವರೊಡನೆ ಕೆಲಸ ಮಾಡಿದವರು ಮಂಗಳೂರಿನ ಶಿಷ್ಯ ದ ಗಾಮ. ಅವರ ಜೀವನದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಈ ಸಂಗತಿ. ಹೊಟ್ಟೆಪಾಡಿಗಾಗಿ ಹೊರಗೆ ಹೋದವನಿಗೂ ದೇವರಿಗಾಗಿ ಹೊರಗೆ ಹೋದವನಿಗೂ ವ್ಯತ್ಯಾಸವಿದೆ, ಒಪ್ಪುತ್ತೇನೆ. ಆದರೂ ತಾನು ಬಲ್ಲದ್ದನ್ನು ಆ ಊರಿನ ಒಬ್ಬನಿಗಾದರೂ ಕಲಿಸುವುದಕ್ಕೆ ವ್ರತವೇನೂ ಬೇಕಾಗಿಲ್ಲ. ಗಲ್ಫಿನಲ್ಲಿರುವ ಮಗನಿಗೆ ಫೋನು ಮಾಡುವಾಗ ಹಣ ಬಂತೇ ಎಂಬ ಪ್ರಶ್ನೆಯ ಜೊತೆಗೆ, ಅಲ್ಲಿ ಯಾರೊಡನೆ ಕೂತು ಊಟ ಮಾಡುತ್ತೀ, ಪಕ್ಕದ ಮಂಚದವನ ಊರು ಯಾವುದು ಎಂದೂ ಕೇಳಿ ನೋಡಿ.

ಕೊಚ್ಚಿಯಲ್ಲಿ ಅವರಿಗೆ ಆಮಶಂಕೆ ಹಿಡಿಯಿತು. ಸೆಕೆಯ ಊರುಗಳಿಗೆ ಬಂದ ಎಷ್ಟೋ ಮಿಷನರಿಗಳನ್ನು ಕೊಂಡೊಯ್ದ ರೋಗವದು. 1905ರ ನವೆಂಬರ್ 15ರಂದು, 51ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ನಾಲ್ಕು ದಿನಗಳ ನಂತರ, ನವೆಂಬರ್ 19ರಂದು, ಅವರು ಬಣ್ಣ ಹಚ್ಚಿದ ಆ ಕಥೀಡ್ರಲಿನ ಪ್ರತಿಷ್ಠೆ ನಡೆಯಿತು.

ಮಂಗಳೂರಿನ ಚಿತ್ರಗಳಿಗೂ ಕಾಲ ಕಳೆದಂತೆ ನಮ್ಮ ತೇವ ತಗಲಿತು. 1991ರಿಂದ 1994ರವರೆಗೆ ಇಂಟ್ಯಾಕ್ ಸಂಸ್ಥೆಯ ತಜ್ಞರು ಅವುಗಳನ್ನು ಶುಚಿಗೊಳಿಸಿ ಸರಿಪಡಿಸಿದರು. ನೀವು ಹೋಗಿ ನೋಡಬಹುದು.

ನವೆಂಬರ್ ತಿಂಗಳು ನಮ್ಮ ಮೃತರ ತಿಂಗಳು. ಆತ್ಮಗಳ ಬಲಿಪೂಜೆಗಾಗಿ ನಿಮ್ಮ ಮನೆಯವರ ಹೆಸರುಗಳನ್ನು ಬರೆದುಕೊಡುವಾಗ, ಈ ದೇಶದಲ್ಲಿ ಮನೆಯವರೆಂದು ಯಾರೂ ಇಲ್ಲದ ಬ್ರದರ್ ಆಂಟೋನಿಯೊ ಮೊಸ್ಕೇನಿಯವರ ಹೆಸರನ್ನೂ ಕೆಳಗೆ ಸೇರಿಸಿ.