ಎಣಿಕೆಯ ಮೇಜರ್ ಮ್ಯಾಕ್‌ಮಹೋನ್

ಪರ್ಸಿ ಮ್ಯಾಕ್‌ಮಹೋನ್ 1854ರಲ್ಲಿ ಮಾಲ್ಟಾ ದ್ವೀಪದಲ್ಲಿ ಹುಟ್ಟಿದರು. ತಂದೆಯಂತೆ ಸೈನ್ಯ ಸೇರಿ, ಫಿರಂಗಿ ದಳದ ಅಧಿಕಾರಿಯಾಗಿ 1873ರಲ್ಲಿ ಮದರಾಸಿಗೆ ಬಂದರು. ಮುಂದೆ ಪಂಜಾಬಿನ ಗಡಿಯಲ್ಲಿದ್ದಾಗ ಕಾಯಿಲೆ ಬಿದ್ದು ಸ್ವದೇಶಕ್ಕೆ ಮರಳಬೇಕಾಯಿತು. ಸೈನ್ಯಕ್ಕಾದ ನಷ್ಟ ಗಣಿತಕ್ಕೆ ಲಾಭವಾಯಿತು. 1882ರಿಂದ ವುಲಿಚ್‌ನ ಸೈನಿಕ ವಿದ್ಯಾಲಯದಲ್ಲಿ ಗಣಿತ ಕಲಿಸುತ್ತ ಎಣಿಕೆಯ ಶಾಸ್ತ್ರದಲ್ಲಿ ಮುಳುಗಿದರು.

1915ರ ಅವರ ಗ್ರಂಥದಲ್ಲಿರುವ ಒಂದು ಲೆಕ್ಕವನ್ನು ನಮ್ಮ ಎಂಟನೆಯ ತರಗತಿಯ ಮಕ್ಕಳೂ ಮಾಡಿ ನೋಡಬಹುದು. 1, 2, 3 ಅಂಕಿಗಳನ್ನು ಆರು ಕ್ರಮದಲ್ಲಿ ಬರೆಯಬಹುದು. ಎಡದಿಂದ ಬಲಕ್ಕೆ ಮೂರು ಅಂಕಿಗಳು ಏರುತ್ತ ಹೋಗಬಾರದೆಂದರೆ 123 ಬಿಟ್ಟು ಐದು ಉಳಿಯುತ್ತವೆ. ನಾಲ್ಕು ಅಂಕಿಗಳಾದರೆ 24ರಲ್ಲಿ 14 ಮಾತ್ರ. ನಡುವೆ ಬೇರೆ ಅಂಕಿ ಬಂದರೂ ಏರಿಕೆ ಏರಿಕೆಯೇ. 1423ರಲ್ಲಿ 1, 2, 3 ಅಡಗಿರುವುದರಿಂದ ಅದೂ ಹೊರಗೆ. ಐದು ಅಂಕಿಗಳಿಗೆ 42. ಇವೆಲ್ಲ ಕ್ಯಾಟಲನ್ ಸಂಖ್ಯೆಗಳು.

ಒಂದು ಸಂಖ್ಯೆಯನ್ನು ಎಷ್ಟು ಬಗೆಯಲ್ಲಿ ಒಡೆದು ಕೂಡಿಸಿ ಬರೆಯಬಹುದೆಂಬುದಕ್ಕೆ ನಮ್ಮ ರಾಮಾನುಜನ್ ಅವರು ಹಾರ್ಡಿಯವರೊಡನೆ ಸೂತ್ರ ಕಂಡುಹಿಡಿದರು. ಅದು ಸರಿಯೇ ಎಂದು ಪರೀಕ್ಷಿಸಬೇಕಿತ್ತು. ಗಣಕಯಂತ್ರವಿಲ್ಲದ ಆ ಕಾಲದಲ್ಲಿ, ಅರವತ್ತು ದಾಟಿದ್ದ ಈ ಮೇಜರ್ 200ರವರೆಗಿನ ಉತ್ತರಗಳನ್ನು ಕೈಯಿಂದಲೇ ಲೆಕ್ಕಹಾಕಿ ಕೊಟ್ಟರು. ಕೊನೆಯದು 39,72,99,90,29,388. ಸೂತ್ರದ ಉತ್ತರವೂ ಅದೇ ಬಂತು. ಮ್ಯಾಕ್‌ಮಹೋನ್ 1929ರಲ್ಲಿ ತೀರಿಕೊಂಡರು.